ಗೇಮ್ ಆಡುವ ಮಕ್ಕಳ ಹಿಂದೆ ಬಿದ್ದಿರುವ ಸೋಗಿನ ಅಧಿಕಾರಿಗಳು

ಪ್ರಶ್ನೆ: ನನ್ನ ಮಗ ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ಗೇಮ್‌ಗಳನ್ನು ಮಾರುವ ಸ್ಟೀಮ್ ತಾಣದ ಮೂಲಕ ಕಂಪ್ಯೂಟರಿನಲ್ಲಿ ಕೌಂಟರ್ ಸ್ಟ್ರೈಕ್ ಆಡುತ್ತಾನೆ. ಎರಡು ವಾರಗಳ ಹಿಂದೆ ಅವನ ಸಹಪಾಠಿಯ ಖಾತೆಯಿಂದ ಒಂದು ಸಂದೇಶ ಬಂತು: ‘ಬೇರೆಯವನೆಂದು ತಿಳಿದು ನಿನ್ನ ಮೇಲೆ ದೂರು ಕೊಟ್ಟುಬಿಟ್ಟೆ. ನಿನ್ನ ಸ್ಟೀಮ್ ಖಾತೆಯನ್ನು ಮುಚ್ಚುತ್ತಾರಂತೆ. ಡಿಸ್ಕಾರ್ಡ್‌ನಲ್ಲಿರುವ ಈ ಅಧಿಕಾರಿಯ ಜೊತೆ ಮಾತನಾಡು.’ ಡಿಸ್ಕಾರ್ಡ್ ಎಂದರೆ ಆಟಗಾರರು ಮಾತನಾಡಿಕೊಳ್ಳುವ ಆ್ಯಪ್. ಆ ಅಧಿಕಾರಿ ಗುರುತಿನ ಚೀಟಿ, ದೂರಿನ ಸಂಖ್ಯೆ ಎಲ್ಲವನ್ನೂ ತೋರಿಸಿದನಂತೆ. ಪರಿಶೀಲನೆಯ ಹೆಸರಿನಲ್ಲಿ 4,000 ರೂಪಾಯಿಯ ವಾಲೆಟ್ ಕೋಡ್ (ಸ್ಟೀಮ್ ಖಾತೆಗೆ ಹಣ ತುಂಬುವ ಕೋಡ್) ಕೊಳ್ಳಿಸಿ ಅದರ ಸಂಖ್ಯೆಯನ್ನು ಪಡೆದ. ಆಮೇಲೆ ‘ವಾಪಸ್ ಬರುವ ಠೇವಣಿ’ ಎಂದು 6,500 ರೂಪಾಯಿಯನ್ನು ನನ್ನ ಫೋನಿನ ಯುಪಿಐ ಮೂಲಕ ಹಾಕಿಸಿಕೊಂಡ. ಕೊನೆಗೆ ಖಾತೆಯೂ ಕೈತಪ್ಪಿತು. ಬ್ಯಾಂಕಿನ ವಿವರ ನೋಡಿ ನಾನೇ ಕೇಳುವವರೆಗೆ ಮಗ ಬಾಯಿ ಬಿಟ್ಟಿರಲಿಲ್ಲ. ಆರನೆಯ ತರಗತಿಯ ಮಗಳೂ ಟ್ಯಾಬಿನಲ್ಲಿ ರೋಬ್ಲಾಕ್ಸ್ ಆಡುತ್ತಾಳೆ. ಇಂಥವರನ್ನು ಗುರುತಿಸುವುದು ಹೇಗೆ? ಹಣ ವಾಪಸ್ ಬರುತ್ತದೆಯೇ? ಗೇಮಿನ ವಿಷಯ ಹಿಡಿದುಕೊಂಡು ಠಾಣೆಗೆ ಹೋದರೆ ನಗುವುದಿಲ್ಲವೇ? ಆಟವನ್ನೇ ನಿಲ್ಲಿಸಿಬಿಡಲೇ?
— ಒಬ್ಬ ತಂದೆ, ವಿಜಯನಗರ, ಬೆಂಗಳೂರು

ಉತ್ತರ: ಗುರುತಿಸುವ ಮಾತು ಆಮೇಲೆ. ಮೊದಲು ಇವತ್ತೇ ಮಾಡಬೇಕಾದ ಕೆಲಸ. ಎರಡು ವಾರ ಕಳೆದುಹೋಯಿತು ಎಂದು ಕೈಚೆಲ್ಲಬೇಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇಲ್ಲವೇ ಕೇಂದ್ರ ಸರ್ಕಾರದ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಿ. 6,500 ರೂಪಾಯಿಯ ವಹಿವಾಟಿನ 12 ಅಂಕಿಯ ಉಲ್ಲೇಖ ಸಂಖ್ಯೆ, ಹಣ ತಲುಪಿದ ಯುಪಿಐ ವಿಳಾಸ, ದಿನಾಂಕ ಮತ್ತು ಸಮಯ ಕೈಯಲ್ಲಿರಲಿ. ಹಣ ತಲುಪಿದ ಬ್ಯಾಂಕಿಗೆ ಕೂಡಲೇ ಸೂಚನೆ ಹೋಗಿ, ಆ ಖಾತೆಯಲ್ಲಿ ಉಳಿದಿರುವ ಮೊತ್ತವನ್ನು ತಡೆಹಿಡಿಯಲೆಂದೇ ಈ ವ್ಯವಸ್ಥೆಯನ್ನು ಮಾಡಲಾಗಿದೆ. ವಂಚಕರು ಹಣವನ್ನು ಒಂದು ಖಾತೆಯಲ್ಲಿ ಹೆಚ್ಚು ಹೊತ್ತು ಇಡುವುದಿಲ್ಲ. ಆದ್ದರಿಂದ ಮೊದಲ ಒಂದೆರಡು ಗಂಟೆಯಲ್ಲಿ ಮಾಡಿದ ಕರೆಗೂ ಎರಡು ವಾರದ ಮೇಲೆ ಮಾಡಿದ ಕರೆಗೂ ಅಜಗಜಾಂತರ. ನಿಮ್ಮ ಹಣ ಬರುತ್ತದೆ ಎಂದು ನಾನು ಆಸೆ ಹುಟ್ಟಿಸಲಾರೆ. ಆದರೆ ಅದೇ ಖಾತೆಯ ಮೇಲೆ ಇನ್ನೂ ಹತ್ತು ಮಂದಿ ದೂರು ಕೊಟ್ಟಿದ್ದರೆ ನಿಮ್ಮದು ಹನ್ನೊಂದನೆಯದಾಗುತ್ತದೆ. ಪ್ರಕರಣಕ್ಕೆ ತೂಕ ಬರುವುದು ಹಾಗೆ.

4,000 ರೂಪಾಯಿಯ ಕೋಡ್‌ನ ಕಥೆ ಬೇರೆ. ಅಲ್ಲಿ ನಿಮ್ಮ ಹಣ ಹೋದದ್ದು ಕೋಡ್ ಮಾರಿದ ನಿಜವಾದ ಅಂಗಡಿಗೆ, ಕಳ್ಳನಿಗೆ ಸಿಕ್ಕಿದ್ದು ಕೇವಲ ಅಂಕಿ ಅಕ್ಷರಗಳ ಒಂದು ಸಾಲು. ಅದನ್ನು ಬಳಸಿದ ಮೇಲೆ ಹಿಂದಕ್ಕೆ ಪಡೆಯುವ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಆದರೂ ಖರೀದಿಯ ರಸೀದಿಯೊಂದಿಗೆ ಮಾರಿದವರಿಗೂ ಸ್ಟೀಮ್‌ನ ಸಹಾಯ ವಿಭಾಗಕ್ಕೂ ಬರೆಯಿರಿ. ಗಿಫ್ಟ್ ಕಾರ್ಡ್, ವಾಲೆಟ್ ಕೋಡ್‌ಗಳನ್ನು ವಂಚಕರು ಇಷ್ಟು ಪ್ರೀತಿಯಿಂದ ಕೇಳುವುದಕ್ಕೆ ಕಾರಣವೂ ಇದೇ: ಬ್ಯಾಂಕ್ ಖಾತೆಗೆ ಹೆಸರಿರುತ್ತದೆ, ಕೋಡ್‌ಗೆ ಹೆಸರಿರುವುದಿಲ್ಲ. ‘ಪರಿಶೀಲನೆಗೆ ಒಂದು ಕಾರ್ಡ್ ಕೊಂಡು ಸಂಖ್ಯೆ ಕಳುಹಿಸು’ ಎನ್ನುವ ಕಂಪನಿ ಭೂಮಿಯ ಮೇಲೆ ಇಲ್ಲ.

ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ ಎಂದು ಯಾರಾದರೂ ನಿಮಗೆ ಹೇಳಬಹುದು. ಅದು ಗ್ರಾಹಕನ ತಪ್ಪಿಲ್ಲದೆ, ಅವನ ಅನುಮತಿಯಿಲ್ಲದೆ ನಡೆದ ವಹಿವಾಟಿನ ಮಾತು. ಇಲ್ಲಿ ಪಿನ್ ಒತ್ತಿದ್ದು ನಿಮ್ಮ ಮನೆಯವನೇ. ಬ್ಯಾಂಕ್ ಮೊದಲು ಹೇಳುವುದು ಅದನ್ನೇ. ಅಂದಹಾಗೆ, ಮಗನಿಗೆ ಗೊತ್ತಿರುವ ಆ ಪಿನ್ ಅನ್ನು ಇವತ್ತೇ ಬದಲಾಯಿಸಿ.

ಇನ್ನು ಠಾಣೆ. ನಗುವ ವಿಷಯವಲ್ಲ ಇದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಸೆಕ್ಷನ್ ಬಂದಿರುವುದೇ ಕಂಪ್ಯೂಟರ್ ಬಳಸಿ ಬೇರೆಯವರಂತೆ ನಟಿಸಿ ವಂಚಿಸುವವರಿಗಾಗಿ. ಇನ್ನೊಬ್ಬರ ಪಾಸ್‌ವರ್ಡ್, ಗುರುತು ಕದ್ದು ಬಳಸುವವರಿಗೆ 66ಸಿ. ಎರಡಕ್ಕೂ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಭಾರತೀಯ ನ್ಯಾಯ ಸಂಹಿತೆಯ 319ನೆಯ ಸೆಕ್ಷನ್‌ನಲ್ಲಿ ಸೋಗು ಹಾಕಿ ಮಾಡುವ ವಂಚನೆಗೆ ಐದು ವರ್ಷದವರೆಗೆ ಶಿಕ್ಷೆಯಿದೆ. ಬೆಂಗಳೂರಿನಲ್ಲಿ ಇಂಥ ಪ್ರಕರಣಗಳನ್ನು ನೋಡುವುದಕ್ಕೆ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳಿವೆ. ಒಂದು ಮಾತು ಮಾತ್ರ ನೆನಪಿಡಿ. ದೂರಿನ ಮೊದಲ ಸಾಲಿನಲ್ಲೇ ‘ನನ್ನ ಮಗನ ಗೇಮ್ ಹೋಯಿತು’ ಎಂದು ಬರೆಯಬೇಡಿ. ‘ಕಂಪನಿಯೊಂದರ ಅಧಿಕಾರಿಯೆಂದು ನಟಿಸಿ, ನಕಲಿ ಗುರುತಿನ ಚೀಟಿ ತೋರಿಸಿ, ಅಪ್ರಾಪ್ತ ವಯಸ್ಕನಿಂದ 10,500 ರೂಪಾಯಿ ವಂಚಿಸಿದ್ದಾರೆ’ ಎಂದು ಆರಂಭಿಸಿ (ಮಗನಿಗೆ ಹದಿನೆಂಟು ತುಂಬಿದ್ದರೆ ಆ ಒಂದು ಪದವನ್ನು ಬಿಡಿ). ಮಾತುಕತೆಯ ಸ್ಕ್ರೀನ್‌ಶಾಟ್‌ಗಳ ಜೊತೆಗೆ ಆ ಡಿಸ್ಕಾರ್ಡ್ ಖಾತೆಯ ಬಳಕೆದಾರ ಹೆಸರನ್ನೂ ಸಂಖ್ಯಾ ರೂಪದ ಐಡಿಯನ್ನೂ ಬರೆದಿಡಿ. ತೋರಿಕೆಯ ಹೆಸರನ್ನು ಅವರು ಗಳಿಗೆಗೊಮ್ಮೆ ಬದಲಿಸಬಹುದು, ಐಡಿ ಬದಲಾಗುವುದಿಲ್ಲ. ಸಿಟ್ಟಿನಲ್ಲಿ ಆ ಮಾತುಕತೆಯನ್ನು ಅಳಿಸಿಬಿಡುವ ಮಕ್ಕಳೇ ಹೆಚ್ಚು. ನಿಮ್ಮ ಮಗ ಅಳಿಸದಿದ್ದರೆ ಅವನ ಬೆನ್ನು ತಟ್ಟಿ.

ಖಾತೆಯನ್ನು ಹಿಂದಕ್ಕೆ ಪಡೆಯುವ ಸಾಧ್ಯತೆ ಹಣಕ್ಕಿಂತ ಚೆನ್ನಾಗಿದೆ. ಆದರೆ ಕ್ರಮ ಮುಖ್ಯ. ಮೊದಲು ಕಂಪ್ಯೂಟರನ್ನು ಆಂಟಿವೈರಸ್‌ನಿಂದ ಪೂರ್ತಿ ಪರೀಕ್ಷಿಸಿ. ಬಳಿಕ ಇಮೇಲ್‌ನ ಪಾಸ್‌ವರ್ಡ್ ಬದಲಿಸಿ, ಏಕೆಂದರೆ ಉಳಿದ ಎಲ್ಲ ಖಾತೆಗಳ ಬೀಗದ ಕೈ ಇರುವುದು ಅಲ್ಲಿ. ಆಮೇಲೆ ಸ್ಟೀಮ್ ತಂತ್ರಾಂಶದ ಒಳಗಿರುವ ಸಹಾಯ ಪುಟದಿಂದಲೇ ಖಾತೆ ಕಳವಾಗಿದೆ ಎಂದು ತಿಳಿಸಿ. ಗೂಗಲ್‌ನಲ್ಲಿ ‘ಸ್ಟೀಮ್ ಕಸ್ಟಮರ್ ಕೇರ್ ನಂಬರ್’ ಹುಡುಕಲು ಹೋದರೆ ಇನ್ನೊಬ್ಬ ಕಳ್ಳನ ಕೈಗೆ ಸಿಗುತ್ತೀರಿ. ಮೊದಲು ನೋಂದಾಯಿಸಿದ ಇಮೇಲ್, ಹಳೆಯ ಖರೀದಿಗಳ ರಸೀದಿ, ಪಾವತಿಯ ವಿವರ ಕೊಟ್ಟರೆ ಒಡೆತನ ಸಾಬೀತಾಗುತ್ತದೆ. ಖಾತೆ ಕೈಗೆ ಬಂದ ಕೂಡಲೇ ಎಲ್ಲ ಸಾಧನಗಳಿಂದಲೂ ಲಾಗ್ಔಟ್ ಮಾಡಿ. ಜೊತೆಗೆ ಎಪಿಐ ಕೀ (ಬೇರೆ ಪ್ರೋಗ್ರಾಂಗಳು ಖಾತೆಯನ್ನು ತಲುಪಲು ಬಳಸುವ ಕೀಲಿ) ಎಂಬ ಪುಟವನ್ನು ನೋಡಿ. ನಿಮ್ಮ ಮಗ ಪ್ರೋಗ್ರಾಂ ಬರೆಯುವವನಲ್ಲದಿದ್ದರೆ ಅಲ್ಲಿ ಏನೂ ಇರಬಾರದು. ಏನಾದರೂ ಇದ್ದರೆ ಕಳ್ಳ ಹಿತ್ತಿಲ ಬಾಗಿಲಿಗೆ ತನ್ನದೊಂದು ಕೀಲಿ ಮಾಡಿಸಿಟ್ಟು ಹೋಗಿದ್ದಾನೆ ಎಂದರ್ಥ. ಆಟದೊಳಗಿನ ಬಣ್ಣದ ಬಂದೂಕು, ಚಾಕುಗಳು, ಅಂದರೆ ಹುಡುಗರು ಸ್ಕಿನ್ ಎನ್ನುವ ವಸ್ತುಗಳು ಮೋಸದಿಂದ ಕೈತಪ್ಪಿದರೆ ಸ್ಟೀಮ್ ಅವನ್ನು ಹಿಂದಿರುಗಿಸುವುದಿಲ್ಲ. ಕೌಂಟರ್ ಸ್ಟ್ರೈಕ್ 2ರಲ್ಲಿ ಮಾತ್ರ 2025ರ ಜುಲೈಯಿಂದ ಏಳು ದಿನಗಳೊಳಗಿನ ವಿನಿಮಯವನ್ನು ಆಟಗಾರನೇ ರದ್ದು ಮಾಡುವ ಅವಕಾಶವಿದೆ. ನಿಮ್ಮ ವಿಷಯದಲ್ಲಿ ಆ ಗಡುವು ಮೀರಿದೆ.

ಈಗ ನಿಮ್ಮ ಮೊದಲ ಪ್ರಶ್ನೆ. ನಿಮ್ಮ ಮಗನ ಮೇಲೆ ಬಿದ್ದ ಬಲೆ ಹೊಸದೇನಲ್ಲ. ‘ತಪ್ಪಿ ದೂರು ಕೊಟ್ಟೆ’ ಎಂಬ ಈ ನಾಟಕ ವರ್ಷಗಳಿಂದ ಜಗತ್ತಿನಾದ್ಯಂತ ನಡೆಯುತ್ತಿದೆ. ಸ್ಟೀಮ್ ನಡೆಸುವ ವಾಲ್ವ್ ಕಂಪನಿ 2015ರ ಡಿಸೆಂಬರ್‌ನಲ್ಲೇ ಪ್ರತಿ ತಿಂಗಳೂ ಸುಮಾರು 77,000 ಖಾತೆಗಳು ಕಳವಾಗುತ್ತಿವೆ ಎಂದು ಒಪ್ಪಿಕೊಂಡಿತ್ತು. ನಾಟಕ ಇಷ್ಟು ಕಾಲ ಓಡುತ್ತಿರುವುದಕ್ಕೆ ಕಾರಣ ಅದರ ಪಾತ್ರ ಹಂಚಿಕೆ. ಮೊದಲು ಬರುವುದು ಸ್ನೇಹಿತ. ಅವನ ಖಾತೆ ಅದಾಗಲೇ ಕಳವಾಗಿರುತ್ತದೆ, ಆದರೆ ಹೆಸರು, ಚಿತ್ರ, ಹಳೆಯ ಮಾತುಕತೆ ಎಲ್ಲ ನಿಜವಾದವೇ. ಅವನು ಏನನ್ನೂ ಕೇಳುವುದಿಲ್ಲ, ಬದಲಿಗೆ ಕ್ಷಮೆ ಬೇಡುತ್ತಾನೆ. ಕ್ಷಮೆ ಬೇಡುವವನನ್ನು ಯಾರು ಅನುಮಾನಿಸುತ್ತಾರೆ? ಆಮೇಲೆ ಬರುವುದು ಅಧಿಕಾರಿ. ಅವನೂ ಮೊದಲಿಗೆ ಹಣ ಕೇಳುವುದಿಲ್ಲ, ಸಹಾಯ ಮಾಡುತ್ತೇನೆ ಎನ್ನುತ್ತಾನೆ. ಇಂತಿಷ್ಟು ನಿಮಿಷದಲ್ಲಿ ಖಾತೆ ಶಾಶ್ವತವಾಗಿ ಮುಚ್ಚುತ್ತದೆ, ಯಾರಿಗೂ ಹೇಳಬೇಡ, ಸ್ಕ್ರೀನ್ ಹಂಚಿಕೊ ಎನ್ನುತ್ತಾನೆ. ‘ಪರಿಶೀಲನೆಗಾಗಿ ನಿನ್ನ ಇಮೇಲ್ ತೆಗೆದು ನಮ್ಮ ಇಮೇಲ್ ಹಾಕು’ ಎನ್ನುವುದು ಕಡೆಯ ಅಂಕ. ಅಲ್ಲಿಗೆ ಮಗನೇ ತನ್ನ ಕೈಯಾರೆ ಮನೆಯನ್ನು ಬರೆದುಕೊಟ್ಟಂತಾಯಿತು.

ಗುರುತಿನ ಚೀಟಿಯ ವಿಷಯಕ್ಕೆ ಬಂದರೆ, ನಮ್ಮ ಊರುಗಳಲ್ಲಿ ಹಗಲುವೇಷದವರು ಪೊಲೀಸನಂತೆ ಬಂದು ಲಾಠಿ ಬೀಸಿದಾಗ ಮಕ್ಕಳು ನಿಜಕ್ಕೂ ಹೆದರುತ್ತಿದ್ದರು. ಬಟ್ಟೆಗೆ ಅಷ್ಟು ಶಕ್ತಿಯಿದೆ. ಡಿಸ್ಕಾರ್ಡ್‌ನಲ್ಲಿ ಬಟ್ಟೆಯ ಖರ್ಚೂ ಇಲ್ಲ. ಕಂಪನಿಯ ಲಾಂಛನವನ್ನು ಚಿತ್ರವಾಗಿ ಹಾಕಿಕೊಂಡು, ಹೆಸರಿನ ಮುಂದೆ ‘ಅಡ್ಮಿನ್’ ಎಂದು ಸೇರಿಸಿದರೆ ಮುಗಿಯಿತು. ‘ನಿಮ್ಮ ಮೇಲಿನ ದೂರು ಇಲ್ಲಿದೆ ನೋಡಿ’ ಎಂದು ಅವರು ತೋರಿಸುವ ಪುಟವೂ ಹಾಗೆಯೇ: ಬ್ರೌಸರ್‌ನಲ್ಲಿ ಕಾಣುವ ಯಾವ ಪುಟದ ಅಕ್ಷರಗಳನ್ನಾದರೂ ಒಂದು ನಿಮಿಷದಲ್ಲಿ ತಿದ್ದಿ ಚಿತ್ರ ತೆಗೆಯಬಹುದು, ಅದಕ್ಕೆ ಹ್ಯಾಕಿಂಗ್ ಗೊತ್ತಿರಬೇಕಾಗಿಲ್ಲ. ಆದ್ದರಿಂದ ಅವನು ತೋರಿಸಿದ ದಾಖಲೆ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಲು ಕುಳಿತುಕೊಳ್ಳುವುದೇ ತಪ್ಪು ದಾರಿ. ಕೇಳಬೇಕಾದ ಪ್ರಶ್ನೆ ಒಂದೇ: ಈ ಮಾತನ್ನು ಆರಂಭಿಸಿದ್ದು ಯಾರು? ನೀವಾಗಿ ಕಂಪನಿಯ ತಾಣಕ್ಕೆ ಹೋಗಿ ಸಹಾಯ ಕೇಳಿದರೆ ಉತ್ತರಿಸುವವನು ಕಂಪನಿಯವನು. ತಾನಾಗಿಯೇ ಚಾಟ್, ಡಿಸ್ಕಾರ್ಡ್, ಟೆಲಿಗ್ರಾಂ, ವಾಟ್ಸ್ಆ್ಯಪ್‌ನಲ್ಲಿ ಬಂದು ‘ನಾನು ಸಹಾಯ ವಿಭಾಗದವನು’ ಎಂದವನು ವಂಚಕ. ಸ್ಟೀಮ್‌ನ ಸಿಬ್ಬಂದಿ ಖಾತೆಯ ತಕರಾರನ್ನು ಡಿಸ್ಕಾರ್ಡ್‌ನಲ್ಲಿ ಬಗೆಹರಿಸುವುದಿಲ್ಲ. ಒಬ್ಬ ಆಟಗಾರ ದೂರು ಕೊಟ್ಟ ಮಾತ್ರಕ್ಕೆ, ದೂರು ಕೊಟ್ಟವನ ಮೂಲಕವೇ ವಿಚಾರಣೆ ನಡೆಸುವ ಪದ್ಧತಿಯೂ ಎಲ್ಲೂ ಇಲ್ಲ. ಸಹಪಾಠಿಯ ವಿಷಯದಲ್ಲೂ ಅಷ್ಟೇ. ಅವನಿಗೆ ಫೋನ್ ಮಾಡಿ ಧ್ವನಿ ಕೇಳಿದ್ದರೆ ಈ ನಾಟಕ ಮೊದಲ ಅಂಕದಲ್ಲೇ ನಿಲ್ಲುತ್ತಿತ್ತು. ಈಗಿನ ಹುಡುಗರಿಗೆ ಫೋನ್ ಮಾಡುವುದೆಂದರೆ ಸಂಕೋಚ, ಇಡೀ ದಿನ ಟೈಪ್ ಮಾಡುತ್ತಾರೆ. ಕಳ್ಳರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

ಸ್ನೇಹಿತನ ಮುಖ ಹೊತ್ತು ಬರುವ ಇನ್ನೂ ಎರಡು ವೇಷಗಳನ್ನು ಮಗನಿಗೆ ಹೇಳಿಡಿ. ‘ನಾನೊಂದು ಗೇಮ್ ಮಾಡಿದ್ದೇನೆ, ಆಡಿ ನೋಡಿ ಹೇಗಿದೆ ಹೇಳು’ ಎಂದು ಒಂದು ಫೈಲ್ ಬರುತ್ತದೆ. ಅದನ್ನು ತೆರೆದರೆ ಬ್ರೌಸರ್ ಮತ್ತು ಡಿಸ್ಕಾರ್ಡ್‌ನಲ್ಲಿ ಉಳಿದಿರುವ ಲಾಗಿನ್ ಗುರುತುಗಳು ಕಳ್ಳನಿಗೆ ಹೋಗುತ್ತವೆ, ಆಗ ಅವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಇನ್ನೊಂದು ಕ್ಯೂಆರ್ ಕೋಡ್. ‘ನಮ್ಮ ಸರ್ವರ್‌ಗೆ ಸೇರಲು ಡಿಸ್ಕಾರ್ಡ್ ಆ್ಯಪ್‌ನಿಂದ ಇದನ್ನು ಸ್ಕ್ಯಾನ್ ಮಾಡು’ ಎಂದರೆ, ನೀವು ಸ್ಕ್ಯಾನ್ ಮಾಡುತ್ತಿರುವುದು ಕಳ್ಳನ ಕಂಪ್ಯೂಟರಿನಲ್ಲಿ ತೆರೆದಿರುವ ಲಾಗಿನ್ ಕೋಡನ್ನು. ನೀವು ಒಪ್ಪಿದೊಡನೆ ಅವನು ನಿಮ್ಮ ಖಾತೆಯ ಒಳಗಿರುತ್ತಾನೆ.

ನಕಲಿ ಲಾಗಿನ್ ಕಿಟಕಿಯನ್ನು ಮಾತ್ರ ಸ್ವಲ್ಪ ವಿವರಿಸಬೇಕು. ಕಂಪ್ಯೂಟರ್ ಬಲ್ಲವರೂ ಬೀಳುವ ಗುಂಡಿ ಅದು. ‘ನಮ್ಮ ತಂಡಕ್ಕೆ ಮತ ಹಾಕು’, ‘ಪಂದ್ಯಾವಳಿಗೆ ಹೆಸರು ನೋಂದಾಯಿಸು’ ಎಂಬ ಕೊಂಡಿ ಒತ್ತಿದರೆ ಒಂದು ಪುಟ ತೆರೆಯುತ್ತದೆ, ಅದರ ಮೇಲೆ ಸ್ಟೀಮ್‌ನ ಲಾಗಿನ್ ಕಿಟಕಿ ಬರುತ್ತದೆ. ವಿಳಾಸ ಪಟ್ಟಿಯಲ್ಲಿ ಸ್ಟೀಮ್‌ನ ಸರಿಯಾದ ವಿಳಾಸವಿದೆ, ಬೀಗದ ಚಿಹ್ನೆಯೂ ಇದೆ. ಆದರೆ ಅದು ಕಿಟಕಿಯೇ ಅಲ್ಲ, ಪುಟದೊಳಗೆ ಬಿಡಿಸಿದ ಕಿಟಕಿಯ ಚಿತ್ರ. ವಿಳಾಸ ಪಟ್ಟಿಯೂ ಚಿತ್ರದ ಭಾಗ. 2022ರಲ್ಲಿ ಈ ಕುತಂತ್ರ ಸ್ಟೀಮ್ ಆಟಗಾರರ ಮೇಲೆ ಬಳಕೆಯಾಗುತ್ತಿರುವುದು ಬಯಲಾಯಿತು. ಪರೀಕ್ಷೆ ಸುಲಭ: ಆ ಕಿಟಕಿಯನ್ನು ಮೌಸ್‌ನಿಂದ ಹಿಡಿದು ಬ್ರೌಸರ್‌ನ ಅಂಚಿನಾಚೆಗೆ ಎಳೆಯಿರಿ. ನಿಜವಾದದ್ದು ಹೊರಗೆ ಬರುತ್ತದೆ, ಚಿತ್ರ ಅಂಚಿನಲ್ಲೇ ಸಿಕ್ಕಿಕೊಳ್ಳುತ್ತದೆ. ಮೊಬೈಲಿನಲ್ಲಿ ಹೀಗೆ ಎಳೆದು ನೋಡಲಾಗುವುದಿಲ್ಲ. ಅದಕ್ಕಿಂತ ಗಟ್ಟಿಯಾದದ್ದು ಪಾಸ್‌ವರ್ಡ್‌ಗಳನ್ನು ನೆನಪಿಟ್ಟು ತಾನಾಗಿ ತುಂಬುವ ಪಾಸ್‌ವರ್ಡ್ ಮ್ಯಾನೇಜರ್ ತಂತ್ರಾಂಶ. ಅದು ಕಣ್ಣಿಗೆ ಕಾಣುವ ಚಿತ್ರಕ್ಕೆ ಮರುಳಾಗುವುದಿಲ್ಲ. ನಿಜವಾದ ವಿಳಾಸ ಬೇರೆಯಾಗಿದ್ದರೆ ಪಾಸ್‌ವರ್ಡನ್ನು ತುಂಬುವುದೇ ಇಲ್ಲ. ‘ಎಂದೂ ತಾನಾಗಿ ತುಂಬುತ್ತಿತ್ತು, ಇವತ್ತೇಕೋ ತುಂಬುತ್ತಿಲ್ಲ’ ಎನಿಸಿದರೆ ಕೈಯಿಂದ ಟೈಪ್ ಮಾಡಲು ಹೋಗಬಾರದು. ವಿಳಾಸವನ್ನು ಕಣ್ಣಿಂದ ಓದಿ ನಿರ್ಧರಿಸುತ್ತೇನೆ ಎನ್ನುವವರಿಗೆ ಒಂದೇ ಮಾತು: ಇಂಗ್ಲಿಷಿನ ಆರ್ ಮತ್ತು ಎನ್ ಅಕ್ಷರಗಳನ್ನು ಒತ್ತಿಗೆ ಬರೆದರೆ ಸಣ್ಣ ಪರದೆಯ ಮೇಲೆ ಎಮ್‌ನಂತೆಯೇ ಕಾಣುತ್ತದೆ. ಸ್ಟೀಮ್ ಎಂಬ ಹೆಸರಿನ ಕೊನೆಯ ಅಕ್ಷರ ಯಾವುದೆಂದು ನಿಮಗೆ ಗೊತ್ತು.

ಮೊಬೈಲಿನಲ್ಲಿ ಬಿಜಿಎಂಐ (ಪಬ್‌ಜಿಯ ಭಾರತೀಯ ರೂಪ), ಫ್ರೀ ಫೈರ್ ಆಡುವವರ ಸುತ್ತ ಬೇರೆ ವೇಷಗಳಿವೆ. ಜನಪ್ರಿಯ ಯೂಟ್ಯೂಬರ್ ಹೆಸರಿನಲ್ಲಿ ಇನ್‌ಸ್ಟಾಗ್ರಾಂ ಖಾತೆ ತೆರೆದು ‘ಯುಸಿ ಉಚಿತ’, ‘ಡೈಮಂಡ್ ಉಚಿತ’ (ಎರಡೂ ಆಟದೊಳಗಿನ ನಾಣ್ಯಗಳು) ಎಂದು ಲಾಗಿನ್ ಕೇಳುವವರು ಒಂದು ಬಗೆ. ಇ–ಸ್ಪೋರ್ಟ್ಸ್ ತಂಡದ ಮ್ಯಾನೇಜರ್ ಎಂದು ಹೇಳಿಕೊಂಡು ಆಯ್ಕೆ ಪರೀಕ್ಷೆಗೆ ಶುಲ್ಕ ಕೇಳುವವರು ಇನ್ನೊಂದು. ಆಟವೊಂದು ನಿಷೇಧವಾದ ದಿನಗಳು ಇವರ ಪಾಲಿಗೆ ಸುಗ್ಗಿಯಿದ್ದಂತೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು, 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್. ಅದೇ ಜುಲೈಯಲ್ಲಿ ಬಿಜಿಎಂಐ ಆ್ಯಪ್ ಸ್ಟೋರ್‌ಗಳಿಂದ ಮಾಯವಾಗಿ 2023ರ ಮೇ ತಿಂಗಳಲ್ಲಿ ಮರಳಿತು. ಅಧಿಕೃತ ಬಾಗಿಲು ಮುಚ್ಚಿದಾಗ ಆಟಗಾರ ಎಪಿಕೆ ಫೈಲ್ (ಆ್ಯಪ್ ಸ್ಟೋರ್ ಬಿಟ್ಟು ನೇರವಾಗಿ ಹಾಕಿಕೊಳ್ಳುವ ಆ್ಯಪ್) ಹುಡುಕುತ್ತಾನೆ, ಆ ಫೈಲಿಗೆ ಎಸ್ಎಂಎಸ್ ಓದುವ ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿ ಅವರ ಕೈಯಲ್ಲಿ. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂದ ಮೇಲೆ, ‘ನಿಮ್ಮ ವಾಲೆಟ್‌ನಲ್ಲಿ ಉಳಿದ ಹಣವನ್ನು ಹಿಂದಿರುಗಿಸುತ್ತೇವೆ’ ಎಂದು ಯಾರಾದರೂ ಕರೆ ಮಾಡಿದರೆ ಅದನ್ನೂ ಇದೇ ಅನುಮಾನದಿಂದ ನೋಡಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿತೆಂದರೆ ಹಣ ಹೊರಗೆ ಹೋಗುತ್ತಿದೆ. ಕನ್ನಡದಲ್ಲಿ ಮಾತನಾಡಿದ, ನಮ್ಮವನೇ ಇರಬೇಕು ಎಂಬ ನಂಬಿಕೆಯನ್ನೂ ಬಿಡಿ. ಅನುವಾದ ಯಂತ್ರಗಳು ಕನ್ನಡ ಕಲಿತು ವರ್ಷಗಳಾದವು.

ಮಗಳ ರೋಬ್ಲಾಕ್ಸ್ ಖಾತೆಯಲ್ಲಿ ಮೊದಲು ಹುಟ್ಟಿದ ವರ್ಷ ನೋಡಿ. ಮಕ್ಕಳು ಅಲ್ಲಿ ದೊಡ್ಡ ವಯಸ್ಸು ನಮೂದಿಸುವುದು ಸಾಮಾನ್ಯ, ಹಿಂದೆ ಹಾಗೆ ಮಾಡಿದೊಡನೆ ಸಣ್ಣವರಿಗೆಂದು ಇಟ್ಟಿದ್ದ ಚಾಟ್ ನಿರ್ಬಂಧಗಳು ಸಡಿಲವಾಗುತ್ತಿದ್ದವು. ವಯಸ್ಸು ಸರಿಪಡಿಸಿ, ನಿಮ್ಮ ಖಾತೆಯನ್ನು ಪೋಷಕರ ಖಾತೆಯಾಗಿ ಜೋಡಿಸಿ. ಆರನೆಯ ತರಗತಿಯ ಮಗುವಿಗೆ ವಿಳಾಸ, ಕಿಟಕಿ ಎಂದೆಲ್ಲ ಪಾಠ ಮಾಡಿ ಪ್ರಯೋಜನವಿಲ್ಲ. ‘ರೋಬಕ್ಸ್ (ರೋಬ್ಲಾಕ್ಸ್ ಆಟದ ಹಣ) ಉಚಿತವಾಗಿ ಕೊಡುತ್ತೇನೆ ಎಂದವರು, ಬೇರೆ ಆ್ಯಪ್‌ಗೆ ಬಾ ಎಂದವರು, ಅಮ್ಮ ಅಪ್ಪನಿಗೆ ಹೇಳಬೇಡ ಎಂದವರು ಬಂದರೆ ಟ್ಯಾಬ್ ಹಿಡಿದುಕೊಂಡು ನನ್ನ ಹತ್ತಿರ ಬಾ, ನಾನು ಬೈಯುವುದಿಲ್ಲ’ ಎಂದಷ್ಟೇ ಹೇಳಿ. ಕೊನೆಯ ಮಾತನ್ನು ಪಾಲಿಸುವುದು ಕಷ್ಟ, ಆದರೂ ಪಾಲಿಸಿ.

ಆಟ ನಿಲ್ಲಿಸಬೇಕೇ? ಓದಿಗೆ ಅಡ್ಡಿಯಾಗುತ್ತಿದ್ದರೆ ಅದು ಬೇರೆ ಚರ್ಚೆ, ಪರೀಕ್ಷೆಯ ವರ್ಷದಲ್ಲಿ ನೀವು ಕೈಗೊಳ್ಳುವ ನಿರ್ಧಾರಕ್ಕೆ ನಾನು ಅಡ್ಡ ಬರುವುದಿಲ್ಲ. ಆದರೆ ಮೋಸ ಹೋದದ್ದಕ್ಕೆ ಶಿಕ್ಷೆಯಾಗಿ ನಿಲ್ಲಿಸಬೇಡಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು 10,500 ರೂಪಾಯಿಯಲ್ಲ, ಅವನು ಎರಡು ವಾರ ಬಾಯಿ ಬಿಡಲಿಲ್ಲ ಎನ್ನುವುದು. 1930ಕ್ಕೆ ಬೇಕಿದ್ದ ಅಮೂಲ್ಯ ಗಂಟೆಗಳನ್ನು ನುಂಗಿದ್ದು ಅವನ ಭಯ, ಆ ಭಯದ ಒಂದು ಪಾಲು ನಿಮ್ಮದು. ಇಂದು ಬೈದು ಆಟ ಕಿತ್ತುಕೊಂಡರೆ ನಾಳೆ ಅವನ ಬ್ಯಾಂಕ್ ಖಾತೆಗೆ ಕನ್ನ ಬಿದ್ದಾಗಲೂ ನಿಮಗೆ ಹೇಳಲಾರ. ಅಂಥ ಬ್ಯಾಂಕ್ ಖಾತೆಯನ್ನು ಅವನು ಇನ್ನೊಂದೆರಡು ವರ್ಷದಲ್ಲಿ ತೆರೆಯುತ್ತಾನೆ.

ಎರಡು ಎಚ್ಚರಿಕೆಗಳು ಉಳಿದಿವೆ. ಖಾತೆ ಕಳೆದುಕೊಂಡೆ ಎಂದು ನಿಮ್ಮ ಮಗ ಎಲ್ಲಿಯಾದರೂ ಬರೆದುಕೊಂಡಿದ್ದರೆ, ‘ನಾನು ವಾಪಸ್ ತೆಗೆಸಿಕೊಡುತ್ತೇನೆ’ ಎನ್ನುವವರು ಸಾಲುಗಟ್ಟಿ ಬರುತ್ತಾರೆ. ಎಥಿಕಲ್ ಹ್ಯಾಕರ್ ಎಂದಾರು, ಸೈಬರ್ ಪೊಲೀಸ್ ಎಂದಾರು, 1930ರಿಂದಲೇ ಮಾತನಾಡುತ್ತಿದ್ದೇವೆ ಎಂದಾರು. ಒಮ್ಮೆ ಮೋಸ ಹೋದವರ ಹೆಸರುಗಳು ಇವರ ನಡುವೆ ಕೈ ಬದಲಾಗುತ್ತವೆ. ಹಣ ವಾಪಸ್ ಕೊಡಿಸಲು ಶುಲ್ಕ ಕೇಳುವ ಪೊಲೀಸ್ ಇಲಾಖೆ ಇಲ್ಲ. ಅಂಥ ಕರೆ, ಸಂದೇಶ ಬಂದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ಚಕ್ಷು ವಿಭಾಗದಲ್ಲಿ ವರದಿ ಮಾಡಿ.

ಇನ್ನೊಂದನ್ನು ಇವತ್ತು ಸಂಜೆಯೊಳಗೆ ಮಾಡಿ. ನಿಮ್ಮ ಮಗನ ಖಾತೆ ಈಗ ಕಳ್ಳನ ಕೈಯಲ್ಲಿದೆ, ಅದರೊಂದಿಗೆ ಅವನ ಸ್ನೇಹಿತರ ಪಟ್ಟಿಯೂ ಇದೆ. ‘ತಪ್ಪಿ ನಿನ್ನ ಮೇಲೆ ದೂರು ಕೊಟ್ಟೆ’ ಎಂಬ ಸಂದೇಶ ಈಗ ನಿಮ್ಮ ಮಗನ ಹೆಸರಿನಲ್ಲಿ ಹೋಗುತ್ತಿರಬಹುದು. ಆ ಪಟ್ಟಿಯಲ್ಲಿರುವ ಹುಡುಗರಿಗೆ, ಮೊದಲು ಸಂದೇಶ ಬಂದ ಆ ಸಹಪಾಠಿಗೂ ಸೇರಿಸಿ, ಅವನಿಂದಲೇ ಫೋನ್ ಮಾಡಿಸಿ. ಟೈಪ್ ಮಾಡಿ ಕಳುಹಿಸಿದರೆ ಅದನ್ನು ಅವರು ನಂಬಬೇಕೆಂದಿಲ್ಲ.